ಕಟ್ಟುವ ದುಡ್ಡು, ಕಾಯುವ ದುಡ್ಡು

ಭೂಪಟದಲ್ಲಿ ಆಂಧ್ರದ ಗೋರಂಟ್ಲದ ಪಕ್ಕದಲ್ಲೇ ಒಂದು ನೀಲಿ ಗೆರೆಯಿದೆ. ಅದು ಚಿತ್ರಾವತಿ. ಚಿಕ್ಕಬಳ್ಳಾಪುರದ ಬೆಟ್ಟಗಳಲ್ಲಿ ಹುಟ್ಟಿ, ಬಾಗೇಪಲ್ಲಿ ಸೀಮೆಯನ್ನು ಹಾದು, ಗಡಿ ದಾಟಿ ಬರುವ ಈ ನದಿಯನ್ನು ಬೇಸಿಗೆಯಲ್ಲಿ ನೋಡಲು ಹೋದವರಿಗೆ ಸಿಗುವುದು ಮರಳು, ಸೀಮೆಜಾಲಿ ಮತ್ತು ದನಕರುಗಳ ಕಾಲುದಾರಿ. ಹಿಂದೂಪುರದ ಪೆನ್ನೆಯ ಪಾಡೂ ಅದೇ, ಕಲ್ಯಾಣದುರ್ಗದ ಕಡೆಯ ವೇದಾವತಿಯ ಪಾಡೂ ಅದೇ. ಮೂರೂ ಕರ್ನಾಟಕದಲ್ಲಿ ಹುಟ್ಟಿ ಆಂಧ್ರಕ್ಕೆ ಇಳಿಯುವ ನದಿಗಳು. ಮೂರೂ ವರ್ಷದ ಬಹುಪಾಲು ಹೆಸರಿಗಷ್ಟೇ ನದಿಗಳು. ಇವುಗಳ ನಡುವೆ ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರಗಳಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ, ಕಚೇರಿಯ ಮಾತು ತೆಲುಗು.

ಇಂಥ ಸೀಮೆಯ ನೀರಿಗೆ ಸರ್ಕಾರ ದುಡ್ಡು ಹಾಕಬೇಕೇ ಬೇಡವೇ ಎಂದು ಈಗ ಯಾರೂ ಕೇಳುವುದಿಲ್ಲ. ಹಾಕಬೇಕು, ಹಾಕುತ್ತಲೂ ಇದೆ. ಐವತ್ತು ವರ್ಷಗಳಲ್ಲಿ ಬಂದುಹೋದ ಯೋಜನೆಗಳ ಹೆಸರು ಬರೆಯತೊಡಗಿದರೆ ಒಂದು ಪುಟ ಸಾಲದು. ಹಾಗಿದ್ದೂ ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಡೆಗೆ ಗುಳೆ ಹೋಗುವುದು ನಿಂತಿಲ್ಲ, ಟ್ಯಾಂಕರಿನ ಮುಂದೆ ಬಿಂದಿಗೆಗಳ ಸಾಲು ಕರಗಿಲ್ಲ. ದುಡ್ಡು ಸಾಲಲಿಲ್ಲ ಎನ್ನುವವರಿದ್ದಾರೆ, ದುಡ್ಡು ತಿಂದರು ಎನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ನಿಜವಿದೆ. ಆದರೆ ಸಾಕಷ್ಟು ದುಡ್ಡು ಬಂದು, ಯಾರೂ ಒಂದು ಪೈಸೆ ತಿನ್ನದಿದ್ದರೂ ಉಳಿಯುವ ದೋಷ ಇನ್ನೊಂದಿದೆ. ಬರಸೀಮೆಗೆ ಕಟ್ಟುವುದಕ್ಕೆ ದುಡ್ಡು ಸಿಗುತ್ತದೆ. ಕಟ್ಟಿದ್ದನ್ನು ಕಾಯುವುದಕ್ಕೆ ಸಿಗುವುದಿಲ್ಲ. ನಮ್ಮ ಹಿಂದಿನವರು ಈ ಎರಡನ್ನೂ ಒಂದೇ ಶಾಸನದಲ್ಲಿ ಬರೆಸುತ್ತಿದ್ದರು. ನಾವು ಎರಡನ್ನೂ ಬೇರ್ಪಡಿಸಿ, ಒಂದನ್ನು ಮರೆತೆವು.

ಮೊದಲು ಮಳೆಯ ಲೆಕ್ಕ ನೋಡೋಣ. ಹಳೆಯ ಅನಂತಪುರ ಜಿಲ್ಲೆ 2022ರ ಏಪ್ರಿಲ್‌ನಲ್ಲಿ ಎರಡಾಯಿತು. ಗೋರಂಟ್ಲ, ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಇಡೀ ಹಳೆಯ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಮುಂಗಾರಿನ ಮೋಡ ತನ್ನ ಬಹುಪಾಲು ನೀರನ್ನು ಪಶ್ಚಿಮ ಘಟ್ಟದ ಆಚೆಯೇ ಸುರಿದು ಬರುತ್ತದೆ. ಹಿಂಗಾರಿನ ಚಂಡಮಾರುತಗಳು ಪೂರ್ವ ಕರಾವಳಿಯಿಂದ ಇಷ್ಟು ಒಳನಾಡಿಗೆ ಬರುವಷ್ಟರಲ್ಲಿ ಸೋತಿರುತ್ತವೆ. ದೇಶದ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲಿ ಜೈಸಲ್ಮೇರಿನ ನಂತರ ಅನಂತಪುರದ ಹೆಸರು ಹೇಳುವುದು ರೂಢಿಯಾಗಿಬಿಟ್ಟಿದೆ.

ಅಂದಮೇಲೆ ಬರ ಇಲ್ಲಿಗೆ ಆಕಸ್ಮಿಕವಾಗಿ ಬರುವ ನೆಂಟನಲ್ಲ, ಮನೆಯವನೇ. ಆದರೆ ನಮ್ಮ ಬರ ಪರಿಹಾರದ ಏರ್ಪಾಡೆಲ್ಲ ಆಕಸ್ಮಿಕಕ್ಕಾಗಿ ಮಾಡಿದ್ದು. ಮಳೆ ಬರಬಾರದು, ಬೆಳೆ ಒಣಗಬೇಕು, ಮಂಡಲಗಳ ಪಟ್ಟಿ ತಯಾರಾಗಬೇಕು, ಕೇಂದ್ರದ ತಂಡ ಬಂದು ನೋಡಬೇಕು, ಆಮೇಲೆ ಹಣ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸಕ್ಕೆ ನಾವೊಂದು ಕೈಪಿಡಿಯನ್ನೇ ಮಾಡಿಕೊಂಡಿದ್ದೇವೆ. 2016ರ ಆಗಸ್ಟ್‌ನಲ್ಲಿ ಅನಂತಪುರದ ಕಡಲೆಕಾಯಿ ಬೆಳೆ ಒಣಗತೊಡಗಿದಾಗ ಸರ್ಕಾರ ರೈನ್‌ಗನ್ನುಗಳನ್ನು ತಂದು, ಟ್ಯಾಂಕರುಗಳಲ್ಲಿ ನೀರು ಹೊರಿಸಿ ಹೊಲಗಳಿಗೆ ಚಿಮುಕಿಸಿತು. ಸಾಯುವ ಬೆಳೆಯನ್ನು ಉಳಿಸಲು ಮಾಡಿದ ಆ ಪ್ರಯತ್ನವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೂ ಕೇಳಬೇಕಾದ ಮಾತೊಂದಿದೆ: ಆ ಟ್ಯಾಂಕರು ನೀರು ತುಂಬಿಕೊಂಡದ್ದು ಎಲ್ಲಿಂದ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. 550 ಮಿಲಿಮೀಟರ್ ಮಳೆ ಎಂದರೆ ಒಂದು ಹೆಕ್ಟೇರಿಗೆ 55 ಲಕ್ಷ ಲೀಟರ್. ಸುಮಾರು 51 ಚದರ ಕಿಲೋಮೀಟರ್ ನೆಲದ ಮೇಲೆ ಸಾಧಾರಣ ವರ್ಷದಲ್ಲಿ ಬೀಳುವ ನೀರು ಒಂದು ಟಿಎಂಸಿ. ಹಳೆಯ ಅನಂತಪುರ ಜಿಲ್ಲೆಯ ವಿಸ್ತೀರ್ಣ 19,000 ಚದರ ಕಿಲೋಮೀಟರಿಗಿಂತ ಹೆಚ್ಚು. ಅಂದರೆ ಆಕಾಶದಿಂದ ವರ್ಷಕ್ಕೆ 370 ಟಿಎಂಸಿಯಷ್ಟು ಬೀಳುತ್ತದೆ. ಇದರ ಬಹುಭಾಗ ಬಿಸಿಲಿಗೆ ಆವಿಯಾಗುತ್ತದೆ, ಒಂದು ಪಾಲನ್ನು ಬೆಳೆ ಮತ್ತು ಹುಲ್ಲು ಕುಡಿಯುತ್ತವೆ, ಕೆಳಗಿನ ಊರುಗಳಿಗೂ ಹಕ್ಕಿದೆ. ಎಲ್ಲವನ್ನೂ ಹಿಡಿದಿಡಲು ಯಾರಿಂದಲೂ ಆಗದು. ಆದರೂ ಹತ್ತರಲ್ಲಿ ಒಂದು ಪಾಲನ್ನು ನೆಲದಲ್ಲೋ ಕೆರೆಯಲ್ಲೋ ಹೆಚ್ಚಾಗಿ ನಿಲ್ಲಿಸಿಕೊಂಡರೆ ಅದು 37 ಟಿಎಂಸಿ. ಕೃಷ್ಣಾ ನದಿಯಿಂದ ರಾಯಲಸೀಮೆಯ ನಾಲ್ಕು ಹಳೆಯ ಜಿಲ್ಲೆಗಳಿಗೆಂದು ಎತ್ತಿ ತರಲು ಹೊರಟ ಹಂದ್ರಿ–ನೀವಾ ಯೋಜನೆಯ ಒಟ್ಟು ಪ್ರಮಾಣ 40 ಟಿಎಂಸಿ.

ಹಳಬರು ಈ ಲೆಕ್ಕವನ್ನು ಟಿಎಂಸಿಯಲ್ಲಿ ಮಾಡಲಿಲ್ಲ, ಕೆರೆಗಳಲ್ಲಿ ಮಾಡಿದರು. ಅಮರಾಪುರ ಮಂಡಲದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು, ನೊಳಂಬರ ರಾಜಧಾನಿ. ಅನಂತಪುರ ಎಂಬ ಹೆಸರೇ ವಿಜಯನಗರದ ಕಾಲದ ಅನಂತಸಾಗರವೆಂಬ ಕೆರೆಯಿಂದ ಬಂದದ್ದು. ಊರಿಗಿಂತ ಮೊದಲು ಕೆರೆ, ಕೆರೆಯಿಂದ ಊರಿಗೆ ಹೆಸರು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ 1369ರ ಶಾಸನವಂತೂ ಒಂದು ಕೈಪಿಡಿಯಂತಿದೆ. ಸಾವಿರ ಜನ ಎರಡು ವರ್ಷ ದುಡಿದ ಲೆಕ್ಕ ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಅದು ಪಟ್ಟಿಮಾಡುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ. ಸವುಳು ನೆಲ ಒಂದು. ಕೊಂಚ ನೀರಿಗೆ ವಿಪರೀತ ಗದ್ದೆ ಒಂದು. ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಹಣದ ಏರ್ಪಾಡು. ಕೆರೆ ಕಟ್ಟಿಸಿದವನಿಗೆ, ಒಡೆದ ಕೆರೆಯನ್ನು ಸರಿಪಡಿಸಿದವನಿಗೆ, ಹೂಳೆತ್ತುವ ಬಂಡಿಗಳಿಗೆ ಆ ಕೆರೆಯ ಕೆಳಗೇ ಭೂಮಿಯನ್ನೋ ಹುಟ್ಟುವಳಿಯ ಪಾಲನ್ನೋ ಬಿಡುತ್ತಿದ್ದರು. ಕನ್ನಡದ ಶಾಸನಗಳಲ್ಲಿ ಇದು ಬಿತ್ತುವಟ್ಟ, ಕೆರೆಗೊಡಗಿ. ತೆಲುಗು ಸೀಮೆಯ ದಾಖಲೆಗಳಲ್ಲಿ ದಶಬಂಧ. ತೂಬು ತೆಗೆದು ಸರದಿಯಂತೆ ನೀರು ಹಾಯಿಸುವ, ಜೋರು ಮಳೆಯ ರಾತ್ರಿ ಏರಿಯ ಮೇಲೆ ಕಾವಲಿರುವ ನೀರುಗಂಟಿಗೆ ಕಣದಲ್ಲಿ ಆಯ, ಅಂದರೆ ಧಾನ್ಯದ ಪಾಲು, ಸಿಗುತ್ತಿತ್ತು. ಕೆರೆ ತುಂಬಿದರೆ ಅವನ ಹೊಟ್ಟೆಯೂ ತುಂಬುತ್ತಿತ್ತು. ಕೆರೆಯ ದುರಸ್ತಿಗೆ ಪ್ರತಿ ವರ್ಷ ಯಾರನ್ನೂ ಬೇಡಬೇಕಾಗಿರಲಿಲ್ಲ. ಆ ಹಣ ಕೆರೆಯ ನೀರಿನಿಂದಲೇ ಹುಟ್ಟುತ್ತಿತ್ತು.

ಇದನ್ನು ಹೇಳುವಾಗ ಹಳತೆಲ್ಲ ಚಿನ್ನ ಎಂಬ ಭ್ರಮೆ ಬೇಡ. ಆಯ ಪಡೆಯುತ್ತಿದ್ದ ನೀರುಗಂಟಿ ಬಹುಪಾಲು ಕಡೆ ಊರಾಚೆಯ ಕೇರಿಯವನು. ಕಾಯುತ್ತಿದ್ದದ್ದು ಅವನು, ಗದ್ದೆ ಬೇರೆಯವರದು. ಬಿಟ್ಟಿ ದುಡಿಮೆ ಇತ್ತು. ಇನಾಮು ತಿಂದು ಕೆರೆ ಮರೆತವರೂ ಇದ್ದರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ಕರ್ನಾಟಕ 1961ರ ಕಾಯ್ದೆಯಿಂದ ತೆಗೆದುಹಾಕಿತು, ಆಂಧ್ರದಲ್ಲಿ ಮುನಸಬು–ಕರಣಿಕರ ಹುದ್ದೆಗಳು 1984ರಲ್ಲಿ ಹೋದವು. ಹೋಗಬೇಕಾದದ್ದೇ. ಆದರೆ ಹುದ್ದೆಯೊಂದಿಗೆ ಅದರ ಕೆಲಸವನ್ನೂ ತೆಗೆದುಹಾಕಿದ್ದು ತಪ್ಪು. ಮಾಡುವವನ ಜಾತಿ ಯಾವುದಾದರೇನು, ತೂಬಿಗೆ ಒಬ್ಬ ಮನುಷ್ಯ ಬೇಕೇ ಬೇಕು.

ಬಿರುಕು ಬಿದ್ದದ್ದು ಅದಕ್ಕೂ ಹಿಂದೆ. ನಿಜಾಮನಿಂದ 1800ರಲ್ಲಿ ಈ ಸೀಮೆ ಕಂಪನಿಗೆ ಬಂತು. ಥಾಮಸ್ ಮನ್ರೋ ಏಳು ವರ್ಷ ಕಲೆಕ್ಟರನಾಗಿದ್ದ. ಕಂದಾಯ ನಗದಾಯಿತು, ಆ ನಗದು ದೂರದ ಖಜಾನೆಗೆ ಹೋಯಿತು. ಕೆರೆಗಳ ದುರಸ್ತಿ ಕ್ರಮೇಣ ಒಂದು ಇಲಾಖೆಯ ಕಡತವಾಯಿತು. ಒಡೆಯುವ ಏರಿಯನ್ನು ಉಳಿಸಲು ರೈತರು ಬರಲೇಬೇಕೆಂದು 1858ರಲ್ಲಿ ಮದ್ರಾಸ್ ಸರ್ಕಾರ ಕಡ್ಡಾಯ ದುಡಿಮೆಯ ಕಾಯ್ದೆ ಮಾಡಬೇಕಾಗಿ ಬಂತೆಂದರೆ, ಪಾಲು ಸಿಗದ ಕೆಲಸಕ್ಕೆ ಜನ ತಾವಾಗಿ ಬರುವುದು ಆಗಲೇ ಕಡಿಮೆಯಾಗಿತ್ತು ಎಂದರ್ಥ. 1876–78ರ ಭೀಕರ ಬರ ಬಂದಾಗ ಮದ್ರಾಸ್ ಪ್ರಾಂತ್ಯವೂ ಮೈಸೂರೂ ಲಕ್ಷಾಂತರ ಜನರನ್ನು ಕಳೆದುಕೊಂಡವು.

ಆ ಸಾವುಗಳು ಸರ್ಕಾರಕ್ಕೆ ಕಲಿಸಿದ ಒಂದು ಪಾಠ ಇಂದಿಗೂ ಬೆಲೆಯುಳ್ಳದ್ದು. 1901–03ರ ನೀರಾವರಿ ಆಯೋಗ ಕಾಮಗಾರಿಗಳನ್ನು ಎರಡು ಬಗೆಯಾಗಿ ನೋಡಿತು. ಹಾಕಿದ ಹಣದ ಬಡ್ಡಿ ಹುಟ್ಟಿಸುವ ಲಾಭದಾಯಕ ಕಾಮಗಾರಿ ಒಂದು. ಲಾಭ ಬರದಿದ್ದರೂ ಬರದಿಂದ ಜೀವ ಉಳಿಸುವ ರಕ್ಷಣಾ ಕಾಮಗಾರಿ ಇನ್ನೊಂದು. ಬರ ಬಂದಾಗ ಗಂಜಿಕೇಂದ್ರಕ್ಕೆ ಸುರಿಯುವ ಹಣವನ್ನು ಮುಂಚಿತವಾಗಿ ನೀರಿಗೆ ಹಾಕಿದರೆ ಅದೂ ಉಳಿತಾಯವೇ ಎಂಬುದು ಅದರ ತರ್ಕ. ಬರಸೀಮೆಗೆ ತೆರಿಗೆ ಹಣ ಏಕೆ ಎಂದು ಡೆಲ್ಟಾದವರೋ ರಾಜಧಾನಿಯವರೋ ಕೇಳಿದರೆ ಕೊಡಬೇಕಾದ ಉತ್ತರವೂ ಇದೇ. ಗೋರಂಟ್ಲದ ನೀರಿನ ಖರ್ಚನ್ನು ಗೋರಂಟ್ಲದ ಆದಾಯದಿಂದ ತೂಗುವುದು ಆಸ್ಪತ್ರೆಯ ಖರ್ಚನ್ನು ರೋಗಿಯ ಸಂಬಳದಿಂದ ತೂಗಿದ ಹಾಗೆ.

ಸ್ವಾತಂತ್ರ್ಯದ ನಂತರ ಹಣಕ್ಕೆ ಕೊರತೆ ಇದ್ದರೂ ಯೋಜನೆಗೆ ಕೊರತೆ ಇರಲಿಲ್ಲ. 1973–74ರಲ್ಲಿ ಬರಪೀಡಿತ ಪ್ರದೇಶಗಳ ಕಾರ್ಯಕ್ರಮ ಬಂತು. ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮದ ಪಟ್ಟಿಗೂ ಮುಂದೆ ಅನಂತಪುರ ಸೇರಿತು. ಹನುಮಂತರಾವ್ ಸಮಿತಿಯ ವರದಿಯ ಮೇಲೆ 1995ರಿಂದ ಜಲಾನಯನವೇ ಮಾನದಂಡವಾಯಿತು. 2006ರ ಫೆಬ್ರವರಿ 2ರಂದು ಪ್ರಧಾನಿ ಮನಮೋಹನ್ ಸಿಂಗ್ ಉದ್ಯೋಗ ಖಾತರಿ ಯೋಜನೆಗೆ ಚಾಲನೆ ಕೊಟ್ಟದ್ದು ಇದೇ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ. ಬದು, ಚೆಕ್‌ಡ್ಯಾಂ, ಕೃಷಿ ಹೊಂಡ, ಹೂಳೆತ್ತುವಿಕೆಗಳಿಂದ ಕೂಲಿ ಸಿಕ್ಕಿತು, ಅಲ್ಲಲ್ಲಿ ಬಾವಿಗಳಿಗೆ ನೀರೂ ಬಂತು. ಆದರೆ ಚೆಕ್‌ಡ್ಯಾಂ ಕಟ್ಟಿದರೆ ಫೋಟೋ ಇದೆ, ಬಿಲ್ಲು ಇದೆ, ಉದ್ಘಾಟನೆಯ ಕಲ್ಲು ಇದೆ. ಅದರ ಹಿಂದೆ ತುಂಬಿದ ಹೂಳನ್ನು ಐದನೆಯ ವರ್ಷ ತೆಗೆಯುವುದಕ್ಕೆ ಕಲ್ಲು ನೆಡುವವರಿಲ್ಲ. ಹೊಸ ಗುಂಡಿಗೆ ಹಣವಿದೆ, ಹಳೆಯ ಗುಂಡಿ ಮುಚ್ಚಿಹೋಗಲಿ ಎಂದು ಲೆಕ್ಕಶೀರ್ಷಿಕೆಯೇ ಹರಸುತ್ತದೆ.

ದೊಡ್ಡ ಯೋಜನೆಗಳ ಮಾತಿಗೆ ಬರೋಣ. ಹಂದ್ರಿ–ನೀವಾ ಇಲ್ಲದಿದ್ದರೆ ಆಗುತ್ತಿತ್ತು ಎಂದು ನಾನು ಹೇಳಲಾರೆ. 2012ರಲ್ಲಿ ಕೃಷ್ಣೆಯ ನೀರು ಜೀಡಿಪಲ್ಲಿ ಜಲಾಶಯ ಮುಟ್ಟಿತು, 2016ರಲ್ಲಿ ಪೆನುಕೊಂಡದ ಬಳಿಯ ಗೊಲ್ಲಪಲ್ಲಿ ಜಲಾಶಯಕ್ಕೂ ಬಂತು, ಕವಲು ಕಾಲುವೆ ಮಡಕಶಿರಾದ ಕಡೆಗೂ ತಿರುಗಿತು. ತಲೆಮಾರುಗಳಿಂದ ಒಣಗಿದ್ದ ಕೆರೆಗೆ ನೀರು ಬಂದ ದಿನ ಬಾಗಿನ ಬಿಟ್ಟವರ ಸಂತೋಷವನ್ನು ತರ್ಕದಿಂದ ಅಳೆಯುವುದು ಸಣ್ಣತನ. ಆದರೆ ಈ ನೀರನ್ನು ಎತ್ತುವ ಶ್ರೀಶೈಲ ಜಲಾಶಯದ ಪೂರ್ಣಮಟ್ಟ 885 ಅಡಿ, ಹಿಂದೂಪುರ ಇರುವುದು ಸುಮಾರು 2,000 ಅಡಿಯ ಮೇಲೆ. ಅಷ್ಟೆತ್ತರಕ್ಕೆ ಸಾವಿರ ಲೀಟರ್ ನೀರು ಏರಬೇಕಾದರೆ ಪಂಪಿನ ನಷ್ಟವನ್ನೂ ಸೇರಿಸಿ ಒಂದು ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು. ಒಂದು ಟಿಎಂಸಿಗೆ ಮೂರು ಕೋಟಿ ಯೂನಿಟ್. ಇದು ಒಮ್ಮೆ ಕೊಟ್ಟು ಮುಗಿಸುವ ಹಣವಲ್ಲ. ಕಾಲುವೆ ಇರುವವರೆಗೂ ವರ್ಷವರ್ಷವೂ ಕೊಡಬೇಕಾದ್ದು. ಎತ್ತಿನಹೊಳೆಯಿಂದ ಕೋಲಾರದ ಕಡೆಗೆ ನೀರೆತ್ತಲು ಹೊರಟಿರುವ ಕರ್ನಾಟಕಕ್ಕೂ ಇದೇ ಮಾತು ಅನ್ವಯ. 2014ರಲ್ಲಿ 12,912 ಕೋಟಿ ರೂಪಾಯಿ ಎಂದಿದ್ದ ಆ ಯೋಜನೆಯ ಅಂದಾಜು ಮುಂದೆ 23,251 ಕೋಟಿಗೆ ಏರಿತು. ನಾವು ಚರ್ಚಿಸುವುದು ಈ ಅಂಕಿಯನ್ನು ಮಾತ್ರ; ಪಂಪುಗಳ ಕರೆಂಟ್ ಬಿಲ್ಲನ್ನು ಮೂವತ್ತು ವರ್ಷ ಯಾರು ಕಟ್ಟುತ್ತಾರೆಂಬುದನ್ನು ಚರ್ಚಿಸುವುದಿಲ್ಲ.

ಕಾಯುವ ದುಡ್ಡು ತಪ್ಪಿದರೆ ಏನಾಗುತ್ತದೆಂದು 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟು ತೋರಿಸಿಕೊಟ್ಟಿತು. ಎಪ್ಪತ್ತು ವರ್ಷ ಹಳೆಯ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ರಿಪೇರಿಗಾಗಿ ಹತ್ತಾರು ಟಿಎಂಸಿ ನೀರನ್ನು ಹೊಳೆಗೆ ಬಿಡಬೇಕಾಯಿತು. ಮೇಲ್ಮಟ್ಟದ ಕಾಲುವೆಯಲ್ಲಿ ಅನಂತಪುರಕ್ಕೆ ಬರುವುದೂ ಇದೇ ಜಲಾಶಯದ ನೀರು. ಕುಡಿಯುವ ನೀರಿನ ಕಥೆಯೂ ಬೇರೆಯಲ್ಲ. ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟ್ 1995ರ ಹೊತ್ತಿಗೆ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಕುಡಿಯುವ ನೀರು ತಲುಪಿಸುವ ಕೊಳವೆ ಜಾಲವನ್ನು ಆಶ್ಚರ್ಯವಾಗುವಷ್ಟು ಬೇಗ ಕಟ್ಟಿತು. ಕಟ್ಟಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅಂಚೆಚೀಟಿಯೂ ಬಂದಿದೆ. ನಿರ್ವಹಣೆ ಸರ್ಕಾರದ ಕೈಗೆ ಬಂದ ಮೇಲೆ, ಸಂಬಳ ಬಾಕಿಯೆಂದು ಅದೇ ಜಾಲದ ಕಾರ್ಮಿಕರು ಮುಷ್ಕರ ಕೂತದ್ದು ಸ್ಥಳೀಯ ಪತ್ರಿಕೆಯ ಒಳಪುಟದ ಸುದ್ದಿ.

ಇನ್ನು ಬೋರು. ಬರಸೀಮೆಯ ನೀರಿಗೆ ನಿಜವಾಗಿ ದುಡ್ಡು ಸುರಿದವನು ಯಾರು ಎಂದು ಕೇಳಿದರೆ ರೈತನ ಹೆಸರನ್ನೇ ಹೇಳಬೇಕು. ಪಾಯಿಂಟ್ ನೋಡುವವನಿಗೆ, ರಿಗ್ಗಿಗೆ, ಕೇಸಿಂಗಿಗೆ, ಮೋಟಾರಿಗೆ ಸಾಲ ತಂದು ಹಾಕಿದ ಹಣ ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ. ಒಂದು ಬೋರಿಗೆ ನೀರು ಬಿದ್ದರೆ ಪಕ್ಕದವನದು ಬತ್ತುತ್ತದೆ, ಅವನು ಇನ್ನೂ ಆಳಕ್ಕೆ ಇಳಿಯುತ್ತಾನೆ. ಸರ್ಕಾರ ಇಲ್ಲಿ ಎರಡು ಕೈಯಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು ಕೈ ಚೆಕ್‌ಡ್ಯಾಂ ಕಟ್ಟಿ ಅಂತರ್ಜಲ ತುಂಬಿಸುತ್ತದೆ. ಇನ್ನೊಂದು ಕೈ 2004ರಿಂದ ಉಚಿತ ವಿದ್ಯುತ್ ಕೊಟ್ಟು ಅದೇ ನೀರನ್ನು ಎತ್ತಿಸುತ್ತದೆ. ಉಚಿತ ವಿದ್ಯುತ್ತನ್ನು ಒಂದೇ ಏಟಿಗೆ ಕಿತ್ತುಕೊಳ್ಳಿ ಎಂದು ಪಟ್ಟಣದಲ್ಲಿ ಕೂತು ಹೇಳುವುದು ಸುಲಭ, ಅನ್ಯಾಯವೂ ಹೌದು. ಸಾಲದ ಬೋರನ್ನು ನಂಬಿ ಬದುಕುವವನ ಕೊನೆಯ ಆಸರೆ ಅದು. ಆದರೆ ಬೋರೇ ಇಲ್ಲದ, ಮಳೆಯನ್ನೇ ನಂಬಿದ ರೈತನಿಗೆ ಆ ಸಬ್ಸಿಡಿಯಲ್ಲಿ ಒಂದು ಪೈಸೆಯೂ ಇಲ್ಲವಲ್ಲ? ನವಣೆ, ಕೊರಲೆ, ರಾಗಿ ಬೆಳೆದು ನೀರು ಉಳಿಸುವವನಿಗೂ ಅಷ್ಟೇ ಗೌರವದ ಬೆಂಬಲ ಸಿಗುವವರೆಗೆ, ಕಡಲೆಕಾಯಿ ಮತ್ತು ಬೋರಿನ ಜೂಜನ್ನು ಬಿಡು ಎಂದು ಹೇಳುವ ಹಕ್ಕು ನಮಗಿಲ್ಲ.

ಬೇರೆ ದಾರಿ ಇಲ್ಲವೆಂದೇನೂ ಅಲ್ಲ. 2003ರಿಂದ ಕೆಲವು ವರ್ಷ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ಅನಂತಪುರವೂ ಸೇರಿ, ರೈತರೇ ಅಂತರ್ಜಲ ನಿರ್ವಹಿಸುವ ಒಂದು ಯೋಜನೆ ನಡೆಯಿತು. ಅಲ್ಲಿ ಹಣ ಸಿಮೆಂಟಿಗೆ ಹೋಗಲಿಲ್ಲ, ಕಲಿಕೆಗೆ ಹೋಯಿತು. ಊರಿನ ಗಂಡಸರು ಹೆಂಗಸರು ಮಳೆಮಾಪಕ ಓದಿದರು, ಬೋರುಗಳ ನೀರಿನ ಮಟ್ಟ ಅಳೆದು ಗೋಡೆಯ ಮೇಲೆ ಬರೆದರು, ಹಿಂಗಾರಿಗೆ ಮುನ್ನ ಕೂತು ನೆಲದಡಿ ಎಷ್ಟಿದೆ, ಯಾವ ಬೆಳೆಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿದರು. ಯಾರ ಮೇಲೂ ಯಾವ ಬೆಳೆಯನ್ನೂ ಹೇರಲಿಲ್ಲ. ಹಣ ನಿಂತ ಮೇಲೆ ಬಹಳ ಕಡೆ ಅಳತೆಯೂ ನಿಂತಿತು. ಅದನ್ನು ಯೋಜನೆಯ ಸೋಲು ಎನ್ನುವವರಿದ್ದಾರೆ. ನಾನು ಹೇಳುವುದು ಬೇರೆ: ಥರ್ಮಾಮೀಟರ್ ಕಸಿದುಕೊಂಡು ಜ್ವರ ಗೊತ್ತಾಗಲಿಲ್ಲ ಎಂದರೆ ತಪ್ಪು ಯಾರದು?

ಈಗ ಆ ಶಾಸನದ ಗಡಿದೋಷ. ಮೈಸೂರು ಮತ್ತು ಮದ್ರಾಸ್ 1892ರಲ್ಲಿ ಮಾಡಿಕೊಂಡ ಒಪ್ಪಂದದ ನದಿಗಳ ಪಟ್ಟಿಯಲ್ಲಿ ಕಾವೇರಿಯ ಜೊತೆಗೆ ವೇದಾವತಿ, ಪೆನ್ನೆ, ಚಿತ್ರಾವತಿಗಳ ಹೆಸರೂ ಇದೆ. ಮೇಲಿನವರು ಹೊಸ ಕಟ್ಟೆ ಹಾಕುವ ಮುನ್ನ ಕೆಳಗಿನವರ ಒಪ್ಪಿಗೆ ಬೇಕೆಂಬುದು ಅದರ ತಿರುಳು. ಕಾವೇರಿಗಾದರೆ ನ್ಯಾಯಮಂಡಳಿ, ಪ್ರಾಧಿಕಾರ ಎಲ್ಲ ಆದವು. ಈ ಸಣ್ಣ ಒಣನದಿಗಳ ಪಾಲಿಗೆ ಹೆಚ್ಚಾಗಿ ಉಳಿದದ್ದು ಪರಸ್ಪರ ದೂರು. ಹಣವೂ ಗಡಿಯಲ್ಲೇ ನಿಲ್ಲುತ್ತದೆ. 2020ರಲ್ಲಿ ಜಾರಿಗೆ ಬಂದ 6,000 ಕೋಟಿ ರೂಪಾಯಿಯ ಅಟಲ್ ಭೂಜಲ ಯೋಜನೆಗೆ ಆಯ್ದ ಏಳು ರಾಜ್ಯಗಳಲ್ಲಿ ಕರ್ನಾಟಕವಿತ್ತು, ಆಂಧ್ರ ಇರಲಿಲ್ಲ. ಪಾವಗಡದ ಹೊಲಕ್ಕೂ ಮಡಕಶಿರಾದ ಹೊಲಕ್ಕೂ ನಡುವೆ ಬದು ಒಂದೇ, ಕೆಳಗಿನ ಬಂಡೆಯ ಬಿರುಕೂ ಒಂದೇ. ಮೇಲಿನ ಕಡತಗಳು ಮಾತ್ರ ಎರಡು. ಚಿತ್ರಾವತಿಯ ಇಡೀ ಕಣಿವೆಗೆ, ಬಾಗೇಪಲ್ಲಿಯನ್ನೂ ಗೋರಂಟ್ಲವನ್ನೂ ಸೇರಿಸಿ, ಒಂದೇ ನಿಧಿ ಏಕಿರಬಾರದು?

ಕಾಯುವುದಕ್ಕೆ ಕೊಟ್ಟ ಹಣವನ್ನೂ ತಿನ್ನುತ್ತಾರೆ ಎಂಬ ಆಕ್ಷೇಪ ಬರುವುದು ಖಂಡಿತ. ಹಿಂದೂಪುರದ ಪಕ್ಕದ ಲೇಪಾಕ್ಷಿಯಲ್ಲಿ ಇದಕ್ಕೊಂದು ಐತಿಹ್ಯವಿದೆ. ಅಚ್ಯುತರಾಯನ ಕಾಲದಲ್ಲಿ ಪೆನುಕೊಂಡದ ಬೊಕ್ಕಸದ ಅಧಿಕಾರಿ ವಿರೂಪಣ್ಣ ಅರಸನನ್ನು ಕೇಳದೆ ಆ ಹಣದಿಂದ ದೇವಾಲಯ ಕಟ್ಟಿಸಿದನೆಂದು ದೂರು ಹೋಯಿತಂತೆ. ಶಿಕ್ಷೆಗೆ ಮೊದಲೇ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಅಲ್ಲಿನ ಕಲ್ಯಾಣಮಂಟಪ ಅರ್ಧಕ್ಕೇ ನಿಂತಿದೆ, ಗೋಡೆಯ ಮೇಲಿನ ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ಸಾರ್ವಜನಿಕ ಹಣಕ್ಕೆ ಲೆಕ್ಕ ಕೇಳುವ ನೆನಪು ಈ ಸೀಮೆಗೆ ಹೊಸದಲ್ಲ. ಆದರೆ ಕೋಟಿಗಟ್ಟಲೆಯ ಕಾಮಗಾರಿಯ ಲೆಕ್ಕ ಹಳ್ಳಿಯವನ ಕಣ್ಣಿಗೆ ಬೀಳುವುದಿಲ್ಲ. ತಿಂಗಳ ಸಂಬಳದ ನೀರುಗಂಟಿ ಬಂದನೋ ಇಲ್ಲವೋ ಎಂಬುದು ಇಡೀ ಊರಿಗೆ ಗೊತ್ತಾಗುತ್ತದೆ. ಸಣ್ಣದಾಗಿ, ಪದೇಪದೇ, ಎಲ್ಲರೆದುರಿಗೆ ಖರ್ಚಾಗುವ ಹಣವನ್ನು ಕದಿಯುವುದು ಕಷ್ಟ.

ಆಂಧ್ರ 1997ರ ಕಾಯ್ದೆಯಿಂದ ನೀರು ಬಳಕೆದಾರರ ಸಂಘಗಳನ್ನು ಮಾಡಿತಲ್ಲ, ಏನಾಯಿತು ಎಂದೂ ಕೇಳಬಹುದು. ಸಂಘಗಳು ಬಂದವು, ಚುನಾವಣೆಯೂ ನಡೆಯಿತು. ನಿರ್ವಹಣೆಗೆ ನೀರುತೆರಿಗೆಯ ಪಾಲನ್ನು ನಂಬಲಾಗಿತ್ತು. ಒಣಗಿದ ಕೆರೆಯ ಕೆಳಗೆ ನೀರುತೆರಿಗೆ ಎಷ್ಟು ವಸೂಲಾದೀತು? ದಶಬಂಧದ ತರ್ಕ ತುಂಬುವ ಕೆರೆಗೆ ಸರಿ. ತುಂಬದ ವರ್ಷಗಳಿಗೆ ಹೊರಗಿನ ಆಸರೆ ಬೇಕು, ತೆರಿಗೆ ಹಣ ಬರಬೇಕಾದದ್ದು ಅಲ್ಲಿಗೆ.

ಹಾಗಾಗಿ ನಾನು ಕೇಳುವುದು ಹೊಸ ಯೋಜನೆಯನ್ನಲ್ಲ. ಬರಸೀಮೆಯಲ್ಲಿ ನೀರಿಗೆಂದು ಕಟ್ಟುವ ಪ್ರತಿಯೊಂದು ಕಾಮಗಾರಿಯ ಮಂಜೂರಾತಿಯಲ್ಲೇ, ಅದರ ಆಯುಸ್ಸಿನುದ್ದಕ್ಕೂ ಬೇಕಾಗುವ ಕಾಯುವ ಹಣ ಎಷ್ಟು, ಎಲ್ಲಿಂದ ಎಂದು ಬರೆದಿರಬೇಕು. ಬರೆಯದಿದ್ದರೆ ಮಂಜೂರಾತಿ ಇಲ್ಲ. 15ನೇ ಹಣಕಾಸು ಆಯೋಗ ಪಂಚಾಯಿತಿಗಳ ಅನುದಾನದಲ್ಲಿ ನೂರಕ್ಕೆ 60 ಪಾಲನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತ್ತು. ಅದೇ ರೀತಿ ಬರಸೀಮೆಯ ಪಂಚಾಯಿತಿಗಳಿಗೆ ಕೆರೆ, ಪೋಷಕ ಕಾಲುವೆ, ಚೆಕ್‌ಡ್ಯಾಂಗಳ ವಾರ್ಷಿಕ ದುರಸ್ತಿಗೆ ಮಾತ್ರ ಬಳಸಬಹುದಾದ ಹಣ ಬರಲಿ. ವರ್ಷಕ್ಕೆ ಎರಡು ಸಲ ಗ್ರಾಮಸಭೆಯಲ್ಲಿ ರೂಪಾಯಿಯ ಲೆಕ್ಕದ ಜೊತೆಗೆ ನೀರಿನ ಲೆಕ್ಕವನ್ನೂ ಓದಲಿ: ಎಷ್ಟು ಬಿತ್ತು, ಎಷ್ಟು ನಿಂತಿತು, ಎಷ್ಟು ಎತ್ತಿದೆವು. ಮತ್ತು ಕೆರೆಗೊಬ್ಬ ನೀರುಗಂಟಿ ಇರಲಿ. ಜಾತಿಯಿಂದ ಬಂದವನು ಬೇಡ. ಕಲಿತು ಬಂದ ಹುಡುಗನೋ ಹುಡುಗಿಯೋ ಆಗಲಿ, ಆಯದ ಬದಲು ಸಂಬಳ ಇರಲಿ.

ಅಕ್ಟೋಬರ್‌ನಲ್ಲಿ ಎಲ್ಲೋ ಒಂದು ವರ್ಷ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ದಾರಿ ತಪ್ಪಿ ಇತ್ತ ಬಂದು, ಒಂದೇ ರಾತ್ರಿಯಲ್ಲಿ ತಿಂಗಳ ಮಳೆ ಸುರಿಯುತ್ತದೆ. ಚಿತ್ರಾವತಿ ಆ ರಾತ್ರಿ ನಿಜವಾದ ನದಿಯಾಗುತ್ತದೆ. ಕೆರೆಗಳಿಗೆ ನೀರು ನುಗ್ಗುತ್ತದೆ, ಏರಿಯಲ್ಲಿ ಇಲಿ ತೋಡಿದ ಬಿಲದಿಂದ ಸಣ್ಣಗೆ ಜಿನುಗತೊಡಗುತ್ತದೆ. ಆಗ ಯಾರಾದರೊಬ್ಬರು ಟಾರ್ಚು ಹಿಡಿದು, ಗುದ್ದಲಿ ಹೊತ್ತು ಏರಿಯ ಉದ್ದಕ್ಕೂ ನಡೆದು ಆ ಜಾಗ ಹುಡುಕಬೇಕು. ಅವರು ಬಂದರೆ ಮೂರು ವರ್ಷದ ನೀರು ಉಳಿಯುತ್ತದೆ. ಬಾರದಿದ್ದರೆ ಬೆಳಗಾಗುವಷ್ಟರಲ್ಲಿ ಹೊಸ ಏರಿಗೆ ಹೊಸ ಟೆಂಡರು ಸಿದ್ಧ. ಟೆಂಡರಿಗೆ ಹಣ ಯಾವ ಲೆಕ್ಕದಿಂದ ಬರುತ್ತದೆಂದು ಎಲ್ಲ ಕಚೇರಿಗಳಿಗೂ ಗೊತ್ತು. ಟಾರ್ಚು ಹಿಡಿದವರ ಸಂಬಳ ಯಾವ ಲೆಕ್ಕದಿಂದ ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕಾದದ್ದು ಮಳೆಗೆ ಮುಂಚೆ.